ಕೋಟಿನ ಒಳಮೈ

"ಲೇ ಗಂಜಿ, ಕಣ್ಣು ಹೊಟ್ಟೋಗಿದ್ಯೇನೇ? ಕಾಲರ್ ಒಳಗೆ ಇದೇನಿದು ಕೆಂಪು ದಾರ? ದೊಡ್ಡ ಡಾಕ್ಟರ್ ಕೋಟು ಕಣೇ ಇದು, ನಿಮ್ಮಪ್ಪನ ಲಂಗೋಟಿ ಅಲ್ಲ. ಕಿತ್ತಾಕು!"

ಮ್ಯಾನೇಜರ್ ಕೋಟನ್ನು ಇಸ್ತ್ರಿ ಮೇಜಿನ ಮೇಲೆ ಎಸೆದ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆಗೆ ಗಂಜಿ ಹಾಕಿ ಹಾಕಿ ಹೆಸರೇ ಗಂಜಿಯಕ್ಕ ಆಗಿಹೋಗಿದ್ದ ಆ ಹೆಂಗಸು ಅದನ್ನು ಎತ್ತಿ, ಕೊಡವಿ, ಕಾಲರಿನ ಒಳಬದಿ ನೋಡಿದಳು. ಕೆಂಪು ದಾರದ ಮೂರು ಹೊಲಿಗೆ. ಅವಳ ಅವ್ವನ ಗುರುತು.

ಲಾಂಡ್ರಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ತಾನು ಒಗೆಯುವ ಬಟ್ಟೆಗೆ ತನ್ನ ದಾರ ಹಾಕಬೇಕು. ಅದೇನು ಮರ್ಯಾದೆಗಲ್ಲ, ಬಟ್ಟೆ ಹರಿದರೆ, ಕಲೆ ಉಳಿದರೆ ಯಾರನ್ನು ಬೈಯಬೇಕು ಅನ್ನುವುದು ತಿಳಿಯಲಿ ಅಂತ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಅವ್ವ ಅನ್ನುವವಳೊಬ್ಬಳು ಇದ್ದಳು ಅನ್ನುವುದಕ್ಕೆ ಉಳಿದಿದ್ದು, ಬೈಸಿಕೊಳ್ಳುವುದಕ್ಕೆಂದು ಹಾಕಿದ ಆ ಮೂರು ಹೊಲಿಗೆ ಮಾತ್ರ.

ಆಸ್ಪತ್ರೆಗೆ ಐವತ್ತು ವರ್ಷ ತುಂಬಿತ್ತು. ಅದರ ಚರಿತ್ರೆ ಉಳಿಸಬೇಕೆಂದು ಮುಂಬಾಗಿಲ ಪಕ್ಕದ ಕೋಣೆಗೆ ಬಣ್ಣ ಬಳಿದು, ಆಸ್ಪತ್ರೆ ಕಟ್ಟಿಸಿದ ದೊಡ್ಡ ಡಾಕ್ಟರರ ಕನ್ನಡಕ, ಪೆನ್ನು, ಕೊನೆಗಾಲದ ಊರುಗೋಲು ಎಲ್ಲ ಜೋಡಿಸಿದ್ದರು. ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೊಂದು ಮರದ ಗೊಂಬೆ. ಗೊಂಬೆಗೆ ಕೋಟು ತೊಡಿಸುವುದು ಗಂಜಿಯಕ್ಕನ ಪಾಲಿಗೆ ಬಂದಿತ್ತು.

ದೊಡ್ಡ ಡಾಕ್ಟರರ ಮಗಳು, ಈಗ ಆಸ್ಪತ್ರೆಯ ಯಜಮಾನಿಯಾದ ಡಾಕ್ಟರಮ್ಮ, ಅವತ್ತು ಲಾಂಡ್ರಿಗೇ ಬಂದರು. ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡರು.

"ಇನ್ನೂ ಅಪ್ಪನ ವಾಸ್ನೆ ಇದೆ ಕಣ್ರೀ" ಎಂದರು. ಅವರ ಕಣ್ಣು ತುಂಬಿ ಬಂತು.

ಅಪ್ಪನ ವಾಸನೆಯಂತೆ, ಅಪ್ಪನ ವಾಸನೆ! ಮೊನ್ನೆ ತಾನೇ ಗಂಜಿಯಕ್ಕ ತಿಕ್ಕಿ ಒಗೆದ ಸಾಬೂನಿನ ವಾಸನೆ ಅದು. ಅವ್ವನ ಕೈಗೂ ಅದೇ ವಾಸನೆ ಇತ್ತು. ಹಾಗೆ ಮುಖಕ್ಕೆ ಒತ್ತಿಕೊಂಡು ಅಳುವುದಕ್ಕೆ ಅವಳಿಗೆ ಅವ್ವನ ಒಂದು ಚಿಂದಿಯೂ ಸಿಕ್ಕಿರಲಿಲ್ಲ. ರೋಗದ ಬಟ್ಟೆ ಎಂದು ಎಲ್ಲವನ್ನೂ ಸುಟ್ಟಿದ್ದರು.

ಡಾಕ್ಟರಮ್ಮ ಕಣ್ಣೊರೆಸಿಕೊಂಡು, ಮರುದಿನದ ಭಾಷಣದ ಹಾಳೆ ತೆಗೆದು ಮ್ಯಾನೇಜರನಿಗೆ ಓದಿ ಹೇಳಿದರು: "ಆ ಮಹಾಮಾರಿಯ ಕಾಲದಲ್ಲೂ ಅಪ್ಪ ದಿನಾ ಸಂಜೆ ಮನೆಗೆ ಬಂದು ನನ್ನನ್ನು ಎತ್ತಿಕೊಳ್ಳುತ್ತಿದ್ದರು. ನನಗಾಗ ಒಂಬತ್ತು ವರ್ಷ. ಅವರ ಮುಂಜಾಗ್ರತೆಯಿಂದ ನಮ್ಮ ಸಿಬ್ಬಂದಿಯಲ್ಲಿ ಒಬ್ಬರೂ ಪ್ರಾಣ ಕಳೆದುಕೊಳ್ಳಲಿಲ್ಲ."

ಗಂಜಿಯಕ್ಕನಿಗೂ ಆಗ ಒಂಬತ್ತೇ. ಆ ಅಪ್ಪ ಕೋಟನ್ನು ಲಾಂಡ್ರಿಯ ಬಾಗಿಲಲ್ಲಿ ಕಳಚಿ ಬಿಸಾಡಿ ಹೋಗುತ್ತಿದ್ದ; ಅದಕ್ಕೇ ಮಗಳನ್ನು ಎತ್ತಿಕೊಳ್ಳುವ ಭಾಗ್ಯ ಅವನಿಗಿತ್ತು. ಆ ಕೋಟು ಎತ್ತಿಕೊಂಡ ಅವ್ವ, ತನ್ನ ಮಗಳು ಓಡಿಬಂದರೆ ಬಟ್ಟೆ ತಿರುವುವ ಕೋಲು ತೋರಿಸಿ, "ಹತ್ರ ಬಂದ್ರೆ ಕಾಲ್ ಮುರೀತೀನಿ" ಅನ್ನುತ್ತಿದ್ದಳು. ಹದಿನೆಂಟು ದಿನ ಮಗಳನ್ನು ಮುಟ್ಟಲಿಲ್ಲ. ಹತ್ತೊಂಬತ್ತನೆಯ ದಿನ ಅವ್ವನೇ ಇರಲಿಲ್ಲ.

"ನಮ್ಮವ್ವ ಸತ್ಲಲ್ಲಮ್ಮಾ" ಎಂದಳು ಗಂಜಿಯಕ್ಕ.

ಡಾಕ್ಟರಮ್ಮ ತಲೆಯೆತ್ತಿದರು. ಮ್ಯಾನೇಜರ್ ಹಲ್ಲು ಕಚ್ಚಿದ. "ನಿಮ್ಮವ್ವ ಯಾವ ಸೀಮೆ ಸಿಬ್ಬಂದೀನೇ? ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ. ಹೇಲುಬಟ್ಟೆ ಒಗೆಯೋರನ್ನೆಲ್ಲ ಸಿಬ್ಬಂದಿ ಅಂದ್ಬಿಟ್ರೆ ಆಯ್ತು ಕತೆ!"

"ಒಂದೇ ಒಂದ್ ಸಾಲು ಬರೀರಮ್ಮ. ಒಬ್ಬಳು ಸತ್ಲು ಅಂತ. ಅಷ್ಟೇ ಸಾಕು."

"ಬೇಜಾರ್ ಮಾಡ್ಕೋಬೇಡಮ್ಮ" ಎಂದರು ಡಾಕ್ಟರಮ್ಮ, ಬಲು ಮೆತ್ತಗೆ. "ಅದು ಅಪ್ಪನ ಕೋಣೆ. ಬಂದೋರು ಹೋದೋರನ್ನೆಲ್ಲ ಬರೀತಾ ಹೋದ್ರೆ ಗೋಡೆ ಸಾಲಲ್ಲ. ಆ ದಾರ ಒಂದು ಕಿತ್ಬಿಡು, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ."

ಅವರು ಹೋದ ಮೇಲೆ ಇಸ್ತ್ರಿಯವನು ಸಮಾಧಾನ ಮಾಡಲು ಬಂದ. "ಹೋಗ್ಲಿ ಬಿಡಕ್ಕ. ಸತ್ತೋಳೇನು ಎದ್ದು ಬಂದು ಓದ್ತಾಳಾ?"

"ನಾನಿನ್ನೂ ಸತ್ತಿಲ್ವಲ್ಲೋ, ಬೇವರ್ಸಿ. ಆವಮ್ಮಂಗೆ ಅಪ್ಪ ಎರಡ್ ಸಲ ಸಿಕ್ಕಿದ. ಆಗೊಂದ್ಸಲ, ಈಗ ಗಾಜಿನ ಪೆಟ್ಟಿಗೇಲಿ ಇನ್ನೊಂದ್ಸಲ. ನನಗೆ ಒಂದ್ ಸಲಾನೂ ಬೇಡ್ವೇನೋ?"

ಇಸ್ತ್ರಿಯವನು ಕೆಂಡ ಕೆದಕುತ್ತ ನಿಂತ.

ಮರುದಿನ ಬೆಳಿಗ್ಗೆ ಕೋಣೆ ತುಂಬ ಜನ. ಮುಂದಿನ ಸಾಲಿನ ಕುರ್ಚಿಗಳು ಮನೆತನದವರಿಗೆ ಮೀಸಲು. ಲಾಂಡ್ರಿಯವರು ಬಾಗಿಲಾಚೆ ಗೋಡೆಗೊರಗಿ ನಿಂತಿದ್ದರು. ಡಾಕ್ಟರಮ್ಮ ಗಾಜಿನ ಪೆಟ್ಟಿಗೆಯ ಪರದೆ ಎಳೆದರು. ಚಪ್ಪಾಳೆ ಶುರುವಾಗಿ ಅರ್ಧಕ್ಕೇ ನಿಂತಿತು.

ಕೋಟಿನ ಒಳಮೈ ಹೊರಗಿತ್ತು. ಕಂಕುಳ ಕೆಳಗೆ ತೇಪೆ, ತೇಪೆಯ ಮೇಲೆ ತೇಪೆ. ಹರಿದ ಜೇಬಿಗೆ ಒತ್ತೊತ್ತಾಗಿ ಹಾಕಿದ ಕೈಹೊಲಿಗೆ. ಎಷ್ಟು ತಿಕ್ಕಿದರೂ ಹೋಗದೆ ಉಳಿದ ಕಂದು ಕಲೆಗಳು. ಎತ್ತಿ ನಿಲ್ಲಿಸಿದ ಕಾಲರಿನಲ್ಲಿ ಕೆಂಪು ದಾರ ಹಾಗೇ ಇತ್ತು.

ಮ್ಯಾನೇಜರ್ ಬಾಗಿಲಿಗೆ ಓಡಿಬಂದ. "ಹಲ್ಕಾ ಮುಂಡೆ, ಬಂದು ತಿರುಗ್ಸೇ ಅದನ್ನ!"

ಗಂಜಿಯಕ್ಕ ಒಳಗೆ ಬಂದಳು. ಆದರೆ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ.

"ಅಪ್ಪನ ಕೋಟಿಗೆ ಏನ್ ಮಾಡ್ಬಿಟ್ಟೆ ನೀನು?" ಡಾಕ್ಟರಮ್ಮ ಕೇಳಿದರು.

"ಏನೂ ಮಾಡಿಲ್ಲಮ್ಮ. ಹೊರಗಡೆಯಿಂದ ನೋಡಿದ್ರೆ ನಿಮ್ಮಪ್ಪ ಕಾಣ್ತಾರೆ. ಒಳಗಡೆಯಿಂದ ನೋಡಿದ್ರೆ ನಮ್ಮವ್ವ ಕಾಣ್ತಾಳೆ."

ಹಾಗಂದವಳು ಮುಂದಿನ ಸಾಲಿಗೆ ನಡೆದು, ಡಾಕ್ಟರಮ್ಮ ಎದ್ದು ಹೋಗಿದ್ದ ಕುರ್ಚಿಯಲ್ಲಿ ಕುಳಿತಳು. ಪಕ್ಕದಲ್ಲಿದ್ದವರು ಮೈ ಸರಿಸಿಕೊಂಡರು. ಮ್ಯಾನೇಜರ್ ಕಾವಲಿನವನನ್ನು ಕೂಗಿದ. ಕಾವಲಿನವನು ಬಂದು, ಅವಳ ಮುಖ ನೋಡಿ, ಅಲ್ಲೇ ನಿಂತುಬಿಟ್ಟ.

"ಭಾಷಣ ಓದಿ ಅಮ್ಮ" ಎಂದಳು ಗಂಜಿಯಕ್ಕ. "ಒಬ್ಬರೂ ಸಾಯ್ಲಿಲ್ಲ ಅನ್ನೋ ಸಾಲು ಬಂದಾಗ ನಾನು ಎದ್ದು ನಿಲ್ತೀನಿ."

ಡಾಕ್ಟರಮ್ಮ ಹಾಳೆ ಬಿಡಿಸಿದರು. ಮೊದಲ ಎರಡು ಸಾಲು ಓದಿದರು. ಮೂರನೆಯದಕ್ಕೆ ಬಂದು ನಿಂತರು.

ಗಂಜಿಯಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು.