ಮುಟ್ಟದೆ ಇಟ್ಟ ಅರ್ಧ

ನಾನು ಕಡಲ ತಳದ ಒಂದಿಷ್ಟು ಕೆಸರು. ಅಷ್ಟೇನಾ ಎಂದು ಮೂಗು ಮುರಿಯಬೇಡಿ. ಕಣ್ಣಿಗೆ ಕಾಣದಷ್ಟು ಪುಟ್ಟ ಜೀವಿಗಳ ಚಿಪ್ಪುಗಳು ಇಳಿದಿಳಿದು ನಾನು ಪದರ ಪದರವಾಗಿ ಬೆಳ್ಳಗೆ ಬೆಳೆದೆ. ಐದೂವರೆ ಕೋಟಿ ವರ್ಷಗಳಿಗೂ ಹಿಂದೆ ಒಮ್ಮೆ ಭೂಮಿ ಕಾದು ಬಿಸಿಯಾಯಿತು. ಕಡಲು ಹುಳಿಯಾಯಿತು, ಚಿಪ್ಪುಗಳು ಕರಗಿದವು, ಬರೀ ಕೆಂಪು ಜೇಡಿ ಉಳಿಯಿತು. ನನ್ನ ಮೈಮೇಲಿನ ಕೆಂಪು ಪಟ್ಟೆ ಅದೇ. ಸೆಕೆ ಬೇಗ ಬಂದಿತ್ತು, ಹಾಗಾಗಿ ಪಟ್ಟೆಯ ಕೆಳ ಅಂಚು ಕತ್ತರಿಸಿದ ಹಾಗಿದೆ. ಹೋಗಲು ಲಕ್ಷಕ್ಕೂ ಹೆಚ್ಚು ವರ್ಷ ಹಿಡಿಯಿತು, ಹಾಗಾಗಿ ಮೇಲಿನ ಅಂಚು ಮೆಲ್ಲಗೆ ಬಿಳಿಯೊಳಗೆ ಮಾಸಿಹೋಗಿದೆ.

ಹಡಗಿನವರು ನನ್ನನ್ನು ಕೊಳವೆಯಲ್ಲಿ ಕೊರೆದೆತ್ತಿ ಉದ್ದಕ್ಕೆ ಸೀಳಿದರು. ಒಂದು ಅರ್ಧ ಪರೀಕ್ಷೆಗೆ, ಇನ್ನೊಂದು ಯಾರೂ ಮುಟ್ಟದೆ ಕಾಪಿಡಲು. ಅದು ಅವರ ರೂಢಿ. ಮೇಲಿನ ತುದಿಗೆ ನೀಲಿ ಮುಚ್ಚಳ ಹಾಕುವುದೂ ರೂಢಿ. ಕಾಪಿಡುವ ಅರ್ಧ ನಾನಾದೆ. ಮಂಗಳೂರಿನ ಒಂದು ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ ನನ್ನನ್ನು ಮಲಗಿಸಿದರು. ಇನ್ನರ್ಧವನ್ನು ಚಮಚ ಚಮಚವಾಗಿ ತೋಡಿಕೊಂಡು ಹೋಗುವಾಗ ನನಗೆ ಹೊಟ್ಟೆಕಿಚ್ಚು. ಅದನ್ನಾದರೂ ಜನ ಮುಟ್ಟುತ್ತಿದ್ದರು. ನನಗೆ ಜೊತೆಯೆಂದರೆ ತಂಪು ಯಂತ್ರದ ಸದ್ದು. ಸ್ವಲ್ಪ ಹೊತ್ತು ಗುರುಗುಟ್ಟಿ ಆಮೇಲೆ ಅದೂ ಸುಮ್ಮನಾಗುತ್ತಿತ್ತು.

ಒಂದು ದಿನ, ಸಂಶೋಧನೆ ಮಾಡುತ್ತಿದ್ದ ಫ್ಲೇವಿಯಾ ಬಾಗಿಲ ಬಳಿ ತನ್ನ ಗುರು ಉಪಾಧ್ಯರಿಗೆ ಹೇಳುವುದು ಕೇಳಿಸಿತು. ಅವಳ ಮನೆ ಉಳ್ಳಾಲದ ಕಡಲ ಬದಿಯಲ್ಲಿ.

"ಸೆಕೆ ಬಂದದ್ದು ನಿಧಾನ, ಹೋದದ್ದು ಬೇಗ ಸರ್. ನಾಳೆ ವರದಿ ಕಳಿಸ್ತೇನೆ. ಈಗಿನ ಸೆಕೆಯೂ ಹಾಗೇ ಬೇಗ ಹೋದ್ರೆ ಕಡಲ ಬದಿಯ ನಮಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ?"

ಅವಳು ಹೇಳಿದ್ದು ತಪ್ಪು. ಇದೇ ಕೋಣೆಯಲ್ಲಿ ಯಾರೋ ಒಡೆದ ಮುಚ್ಚಳ ಬದಲಿಸುವಾಗ ಇನ್ನರ್ಧದ ಕೆಳತುದಿಗೆ ನೀಲಿ ಹಾಕಿದ್ದರು. ಅವಳು ನೀಲಿಯನ್ನು ನಂಬಿ ಅದನ್ನು ತಲೆಕೆಳಗಾಗಿ ಓದಿದ್ದಳು. ಕೂಗಿ ಹೇಳಲು ನನಗೆ ಬಾಯಿಯಿಲ್ಲ.

"ಇಷ್ಟು ಒಳ್ಳೆ ಸುದ್ದಿ ಅಂದ್ರೆ ನನಗೆ ಹೆದರಿಕೆ ಮಾರಾಯ್ತಿ," ಎಂದರು ಉಪಾಧ್ಯರು. "ಕಳಿಸುವ ಮೊದಲು ಮುಟ್ಟದೆ ಇಟ್ಟದ್ದನ್ನೊಮ್ಮೆ ತೆಗೆದು ನೋಡುವ."

ಎಷ್ಟೋ ವರ್ಷಗಳ ಮೇಲೆ ನಾನು ಬೆಳಕು ಕಂಡೆ. ಇನ್ನರ್ಧದಲ್ಲಿ ಉಳಿದಷ್ಟನ್ನು ತಂದು ನನ್ನ ಪಕ್ಕದಲ್ಲಿಟ್ಟರು. ತೂತು ತೂತಾಗಿದ್ದ ಅದನ್ನು ನೋಡಿ ನನ್ನ ಹೊಟ್ಟೆಕಿಚ್ಚೆಲ್ಲ ಇಳಿಯಿತು. ಮೇಲ್ತುದಿ ಯಾವುದೆಂದು ತೋರಿಸಲು ಹಡಗಿನವರು ನನ್ನ ಕೊಳವೆಯ ಮೇಲೆ ಕೆತ್ತಿದ್ದ ಬಾಣದ ಗುರುತನ್ನು ಫ್ಲೇವಿಯಾ ಬೆರಳಿನಿಂದ ಸವರಿದಳು. ಆಮೇಲೆ ಇನ್ನರ್ಧವನ್ನು ಮೆಲ್ಲಗೆ ತಿರುಗಿಸಿ ಇಟ್ಟಳು. ಪಟ್ಟೆಗೆ ಪಟ್ಟೆ ಕೂಡಿತು.

"ಉಲ್ಟಾ ಓದಿದ್ದೆ ಸರ್. ಬಂದದ್ದೇ ಬೇಗ."

"ಆಗ ಬೇಗ ಅಂದ್ರೂ ಕೆಲವು ಸಾವಿರ ವರ್ಷ ಹಿಡಿದಿತ್ತು. ಈಗ ನಮ್ಮದು ಅದಕ್ಕಿಂತಲೂ ಬೇಗ ಬರ್ತಾ ಉಂಟು."

ಅವಳು ಇನ್ನರ್ಧದ ನೀಲಿ ಮುಚ್ಚಳವನ್ನು ಕಿತ್ತು ಸರಿಯಾದ ತುದಿಗೆ ಹಾಕಿದಳು. ಹೇಳಬೇಕಾದ್ದನ್ನು ನಾನು ಹೇಳಿಯಾಗಿತ್ತು, ಆದರೂ ಖುಷಿಯಾಗಲಿಲ್ಲ. ನನ್ನದೇ ತಪ್ಪಾಗಿದ್ದರೆ ಅವಳು ನಗುತ್ತ ಮನೆಗೆ ಹೋಗುತ್ತಿದ್ದಳು.

ನನ್ನನ್ನು ಮತ್ತೆ ಕತ್ತಲಲ್ಲಿ ಮಲಗಿಸಿದ್ದಾರೆ. ಅಂಚುಗಳು ಒಣಗಿ ಬಿರಿದಿವೆ. ಇನ್ನು ಯಾರಾದರೂ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಹೊರಗಿನ ಸೆಕೆಯ ಸುದ್ದಿ ನನಗೆ ತಿಳಿಯುವುದು ತಂಪು ಯಂತ್ರದಿಂದ ಮಾತ್ರ. ಮೊದಲೆಲ್ಲ ಅದು ನಡುನಡುವೆ ಸುಮ್ಮನಾಗುತ್ತಿತ್ತು. ಈಗ ಸುಮ್ಮನಾಗುವುದೇ ಇಲ್ಲ.