ಮುರಿಯದ ರೊಟ್ಟಿ

ನನ್ನ ಮನೆಯ ರೊಟ್ಟಿಯನ್ನು ಮುರಿಯದೆ ಹೊಸಿಲು ದಾಟಿದ ಪ್ರಾಣಿ ಈ ನಾರಿನ್ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲವೆಂದು ನಲವತ್ತು ವರ್ಷ ಜಂಬ ಕೊಚ್ಚಿಕೊಂಡವನು ನಾನು. ಊರ ಹಿರಿಯನಾಗಿ ನಾನು ಮಾಡಿಸಿದ ರಾಜಿಗಳು ಆಕಾಶದ ನಕ್ಷತ್ರಗಳಿಗಿಂತ ಎರಡೇ ಎರಡು ಕಡಿಮೆ. ಉಭಯ ಪಕ್ಷದವರೂ ನನ್ನ ಕಂಬಳಿಯ ಮೇಲೆ ಕುಳಿತು ಒಂದೊಂದು ಚೂರು ಬಾಯಿಗಿಟ್ಟರೆಂದರೆ ಮೂರು ತಲೆಮಾರಿನ ವೈರವೂ ಅಲ್ಲಿಗೆ ಸಮಾಪ್ತಿ, ಮತ್ತೆ ಯಾರೂ ಅದರ ಸೊಲ್ಲೆತ್ತುವಂತಿಲ್ಲ.

ಕಲಿಪಾ ನಮ್ಮೂರ ಶಾಲೆಯ ಒಲೆಗಳಿಗೆ ಕಲ್ಲಿದ್ದಲು ಹಾಕುವವಳು. ಬಲಗೈಯ ಬಕೆಟ್ಟಿನ ಭಾರಕ್ಕೆ ಇಪ್ಪತ್ತು ವರ್ಷ ಎಡಕ್ಕೆ ವಾಲಿ, ಬರಿಗೈಯಲ್ಲಿದ್ದಾಗಲೂ ವಾಲಿಕೊಂಡೇ ನಡೆಯುತ್ತಿದ್ದಳು. ಎದುರು ಬಂದವರು ತಾವೇ ಓರೆಯಾಗಿದ್ದೇವೇನೋ ಎಂದು ಟೋಪಿ ಸರಿಪಡಿಸಿಕೊಳ್ಳುತ್ತಿದ್ದರು. ಗತಿಸಿದ ಗಂಡನ ಮೇಲಂಗಿ ಎಷ್ಟು ಭಾರವಾಗಿತ್ತೆಂದರೆ, ಅದನ್ನು ತೊಟ್ಟು ಆಕೆ ಏರಿದೊಡನೆ ಕುದುರೆ ಹಿಂತಿರುಗಿ ನೋಡಿ, ಇನ್ನೊಬ್ಬರು ಯಾರೆಂದು ಹುಡುಕುತ್ತಿತ್ತು. ಮಾತು ಅತ್ಯಲ್ಪ. ಯಾರು ಏನೆಂದರೂ "ಆಯ್ತು, ಆಮೇಲೆ?" ಎನ್ನುವಳು. ನನ್ನ ಎಷ್ಟೋ ಅಮೋಘವಾದ ಸುಳ್ಳುಗಳು ಆ ಪ್ರಶ್ನೆಗೆ ಸಿಕ್ಕಿ ಅಕಾಲಮರಣಕ್ಕೀಡಾಗಿವೆ.

ಆ ಚಳಿಗಾಲದಲ್ಲಿ ಒಂದು ದಿನ ಆಕೆ ತರಗತಿಯ ಒಲೆಯ ಮುಂದೆ ಕುಳಿತಿದ್ದಾಗಲೇ, ಗಣಿತದ ಮೇಷ್ಟ್ರು ಎಸೆನ್‌ಬೆಕ್ ಕರಿಹಲಗೆಯ ಉದ್ದನೆಯ ಅಳತೆಕೋಲಿನಿಂದ ಜಿಬೆಕ್ ಎಂಬ ಒಂಬತ್ತು ವರ್ಷದ ಹುಡುಗಿಯ ಕಿವಿಯ ಮೇಲೆ ಬಾರಿಸಿದರು. ರಕ್ತ ಸುರಿಯಿತು, ಬಲಗಿವಿ ಕೇಳಿಸದಾಯಿತು. ಹಿಮದ ಮೇಲೆ ಜಾರಿಬಿದ್ದಳೆಂದು ಮೇಷ್ಟ್ರು ಹೇಳಿದರು, ಊರು ನಂಬಿದಂತೆ ನಟಿಸಿತು. ಅರ್ಧ ಊರಿಗೆ ಅವರು ಗುರು, ನನಗೆ ಬೀಗರು. ಸೀಳುಬಿಟ್ಟ ಕೋಲನ್ನು ಒಲೆಗೆ ಹಾಕೆಂದು ಕಲಿಪಾಳ ಕೈಗೇ ಕೊಟ್ಟರು. ಉರಿಯಬಲ್ಲ ಯಾವ ವಸ್ತುವನ್ನೂ ಬಿಡದ ಆಕೆ ಅದೊಂದನ್ನು ಸುಡಲಿಲ್ಲ.

ಪಟ್ಟಣದ ಶಿಕ್ಷಣ ಕಚೇರಿಗೆ ದೂರು ಕೊಡಲು ಹೊರಟಿದ್ದಾಳೆಂದು ಕೇಳಿ ಮನೆಗೆ ಕರೆಸಿದೆ. ರಾಜಿಯೂಟಕ್ಕೆಂದು ಕುರಿ ಕೊಯ್ಸಿದ್ದೆ. ಮೇಷ್ಟ್ರು ಮೂಲೆಯಲ್ಲಿ ತಲೆ ತಗ್ಗಿಸಿದ್ದರು.

"ತಂಗೀ, ಏನೋ ಕೋಪದಲ್ಲಿ ಕೈ ಮೀರ್ತು. ತಪ್ಪಾಯ್ತು ಅಂತಿದಾರೆ."

"ಆಯ್ತು, ಆಮೇಲೆ?"

"ಹುಡುಗೀಗೆ ಹೊಸ ಬೂಟು ಕೊಡಿಸ್ತಾರಂತೆ."

"ಬೂಟು ಕಿವಿಗೆ ಹಾಕ್ಕೋಬೇಕಾ, ಅಣ್ಣಾ?"

"ಊರಲ್ಲಿ ಎಲ್ಲಾರೂ ಜಾರಿಬಿದ್ಲು ಅಂತಿರೋವಾಗ ನಿನ್ನೊಬ್ಬಳದ್ದೇನು? ಕೆಲಸ ಹೋಗುತ್ತೆ ಕಣಮ್ಮ!"

"ಹೋಗ್ಲಿ. ನಾನು ಒಲೆ ಹಚ್ಚಿದ ಕೋಣೇಲಿ ಹಿಮ ಎಲ್ಲಿಂದ ಬಂತು, ಅದನ್ನ ಹೇಳಿ."

ನಾನು ರೊಟ್ಟಿಯನ್ನು ಮುಂದಿಟ್ಟೆ. ಆಕೆ ಅದಕ್ಕೆ ಎದೆಯ ಮೇಲೆ ಕೈಯಿಟ್ಟು ನಮಿಸಿದಳು, ಎದ್ದಳು, ಒಂದು ತುಣುಕನ್ನೂ ಮುಟ್ಟದೆ ಹೊಸಿಲು ದಾಟಿದಳು. ನಲವತ್ತು ವರ್ಷದ ನನ್ನ ಜಂಬ ಚಪ್ಪಲಿಯನ್ನೂ ಮೆಟ್ಟದೆ ಆಕೆಯ ಹಿಂದೆಯೇ ಹೋಯಿತು.

ಮರುದಿನ ಬಸ್ಸಿಗೆ ನಡೆದ ಕಲಿಪಾಳನ್ನು ಊರು ಗುರುತಿಸಲೇ ಇಲ್ಲ. ಮೇಲಂಗಿಯೊಳಗೆ ಅಳತೆಕೋಲನ್ನು ಕಟ್ಟಿಕೊಂಡಿದ್ದರಿಂದ ಸೈನಿಕನಂತೆ ನೆಟ್ಟಗಿದ್ದಳು. ಅರ್ಜಿ ಸರಿಯಿಲ್ಲ, ಸಹಿ ಇಲ್ಲ, ಸಾಹೇಬರಿಲ್ಲವೆಂದು ಕಚೇರಿಯವರು ಮೂರು ಬಾರಿ ಅಟ್ಟಿದರು. ನಾಲ್ಕನೆಯ ಸಲ ಕೋಲನ್ನು ಮೇಜಿನ ಮೇಲಿಟ್ಟಳು.

"ಇದರಲ್ಲಿ ಏನಮ್ಮ ಅಳೀತಾರೆ?" ಎಂದು ಗುಮಾಸ್ತ ನಕ್ಕನಂತೆ.

"ನಮ್ಮೂರಲ್ಲಿ ಮಕ್ಕಳ ಕಿವಿ."

ಆತ ನಗು ನಿಲ್ಲಿಸಿ ಬರೆದುಕೊಂಡ. ತನಿಖೆಗೆ ಬಂದವರ ಮುಂದೆ ಮೊದಲು ಬಾಯಿಬಿಟ್ಟವಳು ಅದೇ ತರಗತಿಯ ನನ್ನ ಮೊಮ್ಮಗಳು: "ನಾನು ತಾತಂಗೆ ಅವತ್ತೇ ಹೇಳಿದ್ದೆ." ಹೌದು, ಹೇಳಿದ್ದಳು. ಅದನ್ನು ಇಲ್ಲಿಯವರೆಗೆ ಬರೆಯದಿದ್ದುದು ಮರೆವಿನಿಂದಲ್ಲ. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹೇಳಿದರು; ಜಿಬೆಕ್ ಕೂಡ ಹೇಳಿದಳು. ಮೇಷ್ಟ್ರ ನೌಕರಿ ಹೋಗಿ ಪ್ರಕರಣ ನ್ಯಾಯಾಲಯಕ್ಕೇರಿತು. ಅಷ್ಟರಲ್ಲಿ ಕಲಿಪಾಳನ್ನು ಕೆಲಸದಿಂದ ಬಿಡಿಸಿದ್ದ ಶಾಲೆ, ಒಲೆಗಳಾರಿ ಶಾಯಿಯ ಜೊತೆ ಪಾಠವೂ ಹೆಪ್ಪುಗಟ್ಟಿದ ಮೇಲೆ ತಾನೇ ಕರೆಸಿಕೊಂಡಿತು.

ಕಲಿಪಾಳಂಥವರು ಊರಿಗೊಬ್ಬರಿರುತ್ತಾರೆ, ಇದ್ದಷ್ಟು ದಿನ ನಮಗೆ ನೆಮ್ಮದಿಯಿಲ್ಲ. ಮಾತನ್ನು ಎಲ್ಲಿ ನಿಲ್ಲಿಸಿದರೆ ಎಲ್ಲರಿಗೂ ಹಿತವೆಂಬುದನ್ನು ನಮ್ಮಂಥ ಹಿರಿಯರು ಬಲ್ಲೆವು. ಆ ಹಿತದ ಲೆಕ್ಕದಲ್ಲಿ ಯಾವ ಕೂಸನ್ನು ಬಿಟ್ಟೆವೆಂಬುದನ್ನು ಇಂಥವರು ಬಲ್ಲರು.

ವಸಂತದ ನೂರೂಜ್ ಹಬ್ಬದಂದು ಬಿಸಿ ರೊಟ್ಟಿ ಹಿಡಿದು ಆಕೆಯನ್ನು ದಾರಿಯಲ್ಲೇ ಅಡ್ಡಗಟ್ಟಿದೆ. "ಎಲ್ಲಾ ಮುಗೀತಲ್ಲ ತಂಗೀ, ಈಗಲಾದ್ರೂ ಒಂದು ಚೂರು ಮುರಿ."

ಕಲಿಪಾ ಬಕೆಟ್ ಕೆಳಗಿಟ್ಟಳು.

"ಮೊದ್ಲು ಜಿಬೆಕ್ ಮನೆಗೆ ಹೋಗಿ, ಅವಳ ಎಡಗಿವಿಗೆ ಕೇಳೋ ಹಾಗೆ 'ನಂಗೂ ಗೊತ್ತಿತ್ತು' ಅಂತ ಹೇಳಿ ಬನ್ನಿ, ಅಣ್ಣಾ. ಆಮೇಲೆ."