ಬಂಗಾರಮ್ಮ, ಬೆಕ್ಕು ಮತ್ತು ನಾಲ್ಕು ಸಾಲು

ತಾವು ಬರೆದ ಚಿತ್ರಕ್ಕೆ ಚಂದ್ರಯ್ಯ ಮೇಷ್ಟ್ರು ತಾವೇ ನಕ್ಕದ್ದನ್ನು ಹೊಸನಗರದಲ್ಲಿ ಕಂಡವರಿಲ್ಲ. ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತಿದ್ದ ಅವರು ಬಿಡುವಿನಲ್ಲಿ ಊರಿನವರ ವಿನೋದಚಿತ್ರಗಳನ್ನು ಮಸಿಯಲ್ಲಿ ಬರೆದು, ಕೆಳಗೆ ನಾಲ್ಕು ಸಾಲಿನ ಹಾಸ್ಯಪದ್ಯ ಹೊಸೆದು, ಮೊದಲು ಚಿತ್ರದೊಳಗಿನ ವ್ಯಕ್ತಿಗೇ ಒಯ್ದು ತೋರಿಸುತ್ತಿದ್ದರು. ಆ ವ್ಯಕ್ತಿ ನಕ್ಕರೆ ಚಿತ್ರ ಊರಿಗೆ, ನಗದಿದ್ದರೆ ಎದುರಿಗೇ ಹರಿದು ಒಲೆಗೆ. ಇದು ಅವರೇ ಹಾಕಿಕೊಂಡ ಕಟ್ಟಳೆ.

ಕೋಟಿನ ಬಲಜೇಬಿನಲ್ಲಿ ಮಸಿಕುಡಿಕೆ ಇರುತ್ತಿದ್ದುದರಿಂದ ನಡೆಯುವಾಗ ಅವರ ಎಡಗೈ ಮಾತ್ರ ಬೀಸುತ್ತಿತ್ತು. ಕೋಟು ಕಪ್ಪು, ಮೊದಲು ಯಾವ ಬಣ್ಣದ್ದಿತ್ತೋ ಹೇಳಲಾರೆ. ಮಾತೆಲ್ಲ "ಹಂಗಲ್ಲ ಅದು" ಎಂದೇ ಆರಂಭ, ಒಪ್ಪಿಗೆ ಕೊಡುವಾಗಲೂ. ಹೋಟೆಲಿನ ಮಹಾಗಣಪತಿಯವರು ಗಿರಾಕಿಗಳ ಅಂಗೈಗೆ ಉದ್ಧರಣೆಯಿಂದ ಕಾಫಿಯನ್ನು ತೀರ್ಥದಂತೆ ಹಾಕುತ್ತಿರುವ ಚಿತ್ರ ಬರೆದಾಗ, ಆ ಪುಣ್ಯಾತ್ಮರು ಹೊಟ್ಟೆ ಹಿಡಿದುಕೊಂಡು ನಕ್ಕು, ಅದನ್ನು ಗಲ್ಲಾಪೆಟ್ಟಿಗೆಯ ಮೇಲೇ ತೂಗುಹಾಕಿದರು. ಕಾಫಿಯ ಅಳತೆ ಮಾತ್ರ ಹೆಚ್ಚಲಿಲ್ಲ.

ಅರವತ್ತೈದನೇ ಇಸವಿಯಲ್ಲಿ ಅವರ ಅಕ್ಕ ಬಂಗಾರಮ್ಮ, ಗಂಡ ತೀರಿಕೊಂಡ ಮೇಲೆ, ತಮ್ಮನ ಮನೆಗೆ ಬಂದು ನಿಂತರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವರು. ಮದುವೆಮನೆಗಳ ಕೆಮ್ಮಣ್ಣಿನ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಿದ್ದ ಅವರ ಕೈಯನ್ನು ನೋಡಿಯೇ ಮೇಷ್ಟ್ರು ಗೆರೆ ಎಳೆಯಲು ಕಲಿತದ್ದು. ಬಂದ ದಿನದಿಂದ ಆಕೆ ನಕ್ಕಿರಲಿಲ್ಲ. ಆ ಕೊರಗು ಮೇಷ್ಟ್ರನ್ನು ಒಳಗೇ ತಿನ್ನುತ್ತಿತ್ತು.

"ಹಂಗಲ್ಲ ಅದು, ಅಕ್ಕ ಒಂದ್ಸಲ ನಕ್ಬಿಟ್ರೆ ಸಾಕು ನಂಗೆ" ಎಂದು ನನ್ನಲ್ಲಿ ಹೇಳಿಕೊಂಡಿದ್ದರು.

ಒಮ್ಮೆ ಅವರ ಮನೆಗೆ ಬೆಕ್ಕು ನುಗ್ಗಿತು. ಮರುದಿನ ನಾನು ಅಲ್ಲಿಗೆ ಹೋದಾಗ ಮೇಷ್ಟ್ರು ಹೊಸ ಚಿತ್ರವನ್ನು ಅಕ್ಕನ ಮುಂದಿಡುತ್ತಿದ್ದರು. ಸೆರಗು ಸಿಕ್ಕಿಸಿ ಪೊರಕೆ ಎತ್ತಿದ ಬಂಗಾರಮ್ಮ, ಚೂರಾದ ಗಡಿಗೆ, ಮೀಸೆ ಒರೆಸಿಕೊಳ್ಳುತ್ತಿರುವ ಬೆಕ್ಕು. ಕೆಳಗೆ ಪದ್ಯ:

ಬೆಕ್ಕು ಬಂದಿತು ಹಾಲ ಕುಡಿಯಲು,
ಅಕ್ಕ ಬೀಸಿದಳೊಂದು ಪೊರಕೆಯ;
ಸಿಕ್ಕ ಪೆಟ್ಟಿಗೆ ಗಡಿಗೆಯೊಡೆಯಿತು,
ನೆಕ್ಕಿ ಹಾಲನು ಬೆಕ್ಕು ನಡೆಯಿತು.

ಬಂಗಾರಮ್ಮನಿಗೆ ಓದು ಬಾರದು. ನಾನೇ ಗಟ್ಟಿಯಾಗಿ ಓದಿ, ನಕ್ಕೆ. ಆಕೆ ನಗಲಿಲ್ಲ. ಪೊರಕೆ ಹಿಡಿದ ಕೈಯನ್ನೇ ನೋಡುತ್ತ ಕೂತಿದ್ದು, "ಬಳೆ ಬರ್ದೀಯಲ್ಲೋ ಚಂದ್ರಾ" ಎಂದರು.

ಚಿತ್ರದ ಕೈತುಂಬ ಬಳೆಗಳಿದ್ದವು. ಬೇಕೆಂದು ಬರೆದದ್ದಲ್ಲ, ಅಕ್ಕನ ಕೈ ಬರೆಯುವಾಗ ಬಳೆಯೂ ತಾನಾಗಿ ಬಂದುಬಿಟ್ಟಿತ್ತು. ಒಣಗಿದ ಮಸಿಯನ್ನು ಅಳಿಸುವಂತಿರಲಿಲ್ಲ, ಮೇಷ್ಟ್ರು ಹರಿದುಹಾಕಲು ಕೈ ಚಾಚಿದರು. ನನಗೂ ಅಲ್ಲಿಂದ ಎದ್ದು ಹೋಗಿಬಿಡೋಣ ಎನಿಸಿತು.

ಬಂಗಾರಮ್ಮ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಹರೀಬ್ಯಾಡ. ಅದ್ರಲ್ಲಾದ್ರೂ ಇರ್ಲಿ."

ವಿನೋದಚಿತ್ರ ಬರೆಯುವವರು ಇದ್ದದ್ದನ್ನು ಉಬ್ಬಿಸಿ ಬರೆಯುತ್ತಾರೆಂದು ಲೋಕದ ತಿಳಿವಳಿಕೆ. ಆದರೆ ಆ ಜಾತಿಯ ಜನ, ತಮ್ಮವರ ವಿಷಯ ಬಂದಾಗ, ಕಾಲ ಕಿತ್ತುಕೊಂಡದ್ದನ್ನು ಮರೆತೇ ಬಿಡುತ್ತಾರೆ. ತಲೆಗೆ ತಲುಪಿದ ಸುದ್ದಿ ಅವರ ಕೈಗೆ ಬೇಗ ತಲುಪುವುದಿಲ್ಲ. ಅದರಿಂದ ತಪ್ಪುಗಳಾಗುತ್ತವೆ, ನೋವಾಗುತ್ತದೆ. ನಮ್ಮನ್ನು ಅಷ್ಟಾಗಿ ಪ್ರೀತಿಸದವರು ನಮ್ಮ ವಿಷಯದಲ್ಲಿ ಅಂಥ ತಪ್ಪು ಮಾಡುವುದಿಲ್ಲ.